ನಿದ್ದೆ ತಡೆಯುವ ಮದ್ದು ಮೆದುಳಿನಲ್ಲಿ ಮಾಡುವ ಕೆಲಸ

ನಾಗಲಗಿದ್ದ, ಮನೂರು, ನಾರಾಯಣಖೇಡ, ಜಹೀರಾಬಾದ್ ಮತ್ತು ತಾಂಡೂರು ಭಾಗದಲ್ಲಿ ರಾತ್ರಿ ವಾಹನ ನಡೆಸುವವರಿಗೆ, ಕಾರ್ಖಾನೆಗಳ ರಾತ್ರಿ ಪಾಳಿಯವರಿಗೆ, ಪರೀಕ್ಷೆಗೆಂದು ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ಮೆದುಳು ಮತ್ತು ಬೆನ್ನುಹುರಿ ಸೇರಿದರೆ ಕೇಂದ್ರ ನರಮಂಡಲ. ಅದರ ಚಟುವಟಿಕೆಯನ್ನು ಹೆಚ್ಚಿಸಿ, ನಿದ್ದೆ ಓಡಿಸಿ, ಗಮನ ಮತ್ತು ಚುರುಕನ್ನು ಕೆಲವು ತಾಸು ಏರಿಸುವ ವಸ್ತುಗಳಿಗೆ ಉತ್ತೇಜಕಗಳು ಎಂದು ಹೆಸರು. ಇವುಗಳಲ್ಲಿ ಕೆಲವು ಮನೆಮನೆಯಲ್ಲೂ ಇವೆ: ಚಹಾದ ಕೆಫೀನ್, ತಂಬಾಕಿನ ನಿಕೋಟಿನ್, ಅಡಿಕೆಯ ಅರೆಕೋಲಿನ್. ಕೆಲವು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಗಳು: ಮಿಥೈಲ್‌ಫೆನಿಡೇಟ್, ಮೊಡಾಫಿನಿಲ್. ಇನ್ನು ಕೆಲವು ಕಾನೂನು ತಡೆದ ಮಾದಕಗಳು: ಕೊಕೇನ್, ಮೆಥಾಂಫೆಟಮಿನ್, ಎಂ.ಡಿ. ಎಂದು ಕರೆಯುವ ಮೆಫೆಡ್ರೋನ್. ಬೆಲೆ, ಕಾನೂನು, ಅಪಾಯ ಮೂರರಲ್ಲೂ ಇವು ಬೇರೆ ಬೇರೆ. ಆದರೂ ಒಂದು ಮಾತು ಎಲ್ಲಕ್ಕೂ ಹೊಂದುತ್ತದೆ. ಇವುಗಳಲ್ಲಿ ಯಾವುದೂ ದೇಹಕ್ಕೆ ಹೊಸ ಶಕ್ತಿ ತುಂಬುವುದಿಲ್ಲ. ದೇಹ ತಾನೇ ತಯಾರಿಸಿಕೊಂಡ ರಾಸಾಯನಿಕಗಳ ಸಂಚಾರವನ್ನು ಬದಲಿಸುತ್ತವೆ, ಅಷ್ಟೆ.

ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳ ಈ ಗಡಿಭಾಗದಲ್ಲಿ ರಾತ್ರಿ ಎಚ್ಚರವಿರಬೇಕಾದವರು ಬಹಳ. ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಜಹೀರಾಬಾದನ್ನು ಹಾದು ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು, ಲಾರಿಗಳು ಹೊತ್ತುಗೊತ್ತಿಲ್ಲದೆ ಓಡುತ್ತವೆ. ತಾಂಡೂರಿನ ಸಿಮೆಂಟ್ ಕಾರ್ಖಾನೆಗಳ ಗೂಡು ಒಮ್ಮೆ ಹೊತ್ತಿದರೆ ಹಗಲಿರುಳು ಉರಿಯಬೇಕು. ಇಂಥ ಕಡೆ ಚಹಾ, ತಂಬಾಕು, ಗುಟ್ಕಾ, ಡಬ್ಬಿಯ ‘ಎನರ್ಜಿ ಡ್ರಿಂಕ್’, ಕೊನೆಗೆ ಯಾರೋ ಕೈಗಿಟ್ಟ ಮಾತ್ರೆ, ಎಲ್ಲವೂ ಒಂದೇ ಹೆಸರಿನಲ್ಲಿ ಬಳಕೆಯಾಗುತ್ತವೆ: ನಿದ್ದೆ ಬರದಿರಲಿ ಎಂದು. ಒಂದೊಂದೂ ಮೆದುಳಿನಲ್ಲಿ ಮಾಡುವ ಕೆಲಸ ಮಾತ್ರ ಒಂದೇ ಅಲ್ಲ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದೊಳಗೆ ಸಂದೇಶ ಓಡುವುದು ವಿದ್ಯುತ್ ಮಿಡಿತವಾಗಿ. ಆದರೆ ಎರಡು ಕೋಶಗಳ ನಡುವೆ ಅತಿ ಸಣ್ಣ ಸಂದು ಇರುತ್ತದೆ. ಅದನ್ನು ಸಿನಾಪ್ಸ್ ಎನ್ನುತ್ತಾರೆ. ಮಿಡಿತ ಅಲ್ಲಿಗೆ ಬಂದಾಗ ಕೋಶದ ತುದಿಯಲ್ಲಿರುವ ಸಣ್ಣ ಚೀಲಗಳು ಒಡೆದು ನರವಾಹಕ ಎಂಬ ರಾಸಾಯನಿಕ ಹೊರಬೀಳುತ್ತದೆ. ಅದು ಸಂದು ದಾಟಿ ಆಚೆ ಕೋಶದ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ ಆ ಕೋಶ ಮಿಡಿಯುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಕೆಲಸ ಮುಗಿದ ನರವಾಹಕವನ್ನು ಮೊದಲ ಕೋಶ ಮರಳಿ ಹೀರಿಕೊಳ್ಳುತ್ತದೆ. ಉಳಿದದ್ದನ್ನು ಕಿಣ್ವಗಳು ಒಡೆಯುತ್ತವೆ. ಬಿಡುಗಡೆ, ಅಂಟುವಿಕೆ, ಮರುಹೀರಿಕೆ, ವಿಘಟನೆ ಎಂಬ ಈ ನಾಲ್ಕು ಹಂತಗಳು ತಿಳಿದರೆ ಸಾಕು. ಪ್ರತಿಯೊಂದು ಉತ್ತೇಜಕ ಎಲ್ಲಿ ಕೈಹಾಕುತ್ತದೆ ಎಂದು ತೋರಿಸಬಹುದು.

ಎಚ್ಚರಕ್ಕೆ ಸಂಬಂಧಿಸಿದ ನರವಾಹಕಗಳು ಹಲವು. ಮೆದುಳುಕಾಂಡದ ಒಂದು ಪುಟ್ಟ ಕೇಂದ್ರದಿಂದ ನಾರ್‌ಅಡ್ರಿನಲಿನ್ ಮೆದುಳಿನ ಉದ್ದಗಲಕ್ಕೂ ಹರಡಿ ಜಾಗರೂಕತೆ ತರುತ್ತದೆ. ಡೋಪಮಿನ್ ಹುರುಪು, ಗಮನ ಮತ್ತು ‘ಇದು ಇನ್ನೊಮ್ಮೆ ಬೇಕು’ ಎಂಬ ಒತ್ತಾಯಕ್ಕೆ ಕಾರಣ. ಅಸಿಟೈಲ್‌ಕೋಲಿನ್, ಹಿಸ್ಟಮಿನ್, ಒರೆಕ್ಸಿನ್ ಕೂಡ ಎಚ್ಚರದ ಪಾಳಿಯಲ್ಲೇ ಇವೆ. ಶೀತಕ್ಕೆ ನುಂಗಿದ ಹಳೆಯ ಬಗೆಯ ಮಾತ್ರೆ ತೂಕಡಿಕೆ ತರುವುದು ಹಿಸ್ಟಮಿನ್‌ಗೆ ಅಡ್ಡಬರುವುದರಿಂದಲೇ. ಇವುಗಳಿಗೆ ಎದುರಾಗಿ ಮೆದುಳನ್ನು ತಣಿಸುವ ಮುಖ್ಯ ವಾಹಕಗಳು ಗಾಬಾ ಮತ್ತು ಗ್ಲೈಸಿನ್.

ನಿದ್ದೆಯ ಲೆಕ್ಕ ಇಡುವ ವಸ್ತು ಅಡಿನೋಸಿನ್. ನರಕೋಶಗಳು ದುಡಿದು ಎಟಿಪಿ ಎಂಬ ಇಂಧನವನ್ನು ಖರ್ಚು ಮಾಡಿದಷ್ಟೂ ಅಡಿನೋಸಿನ್ ಕೂಡುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಕಗಳಿಗೆ ಅಂಟಿ ಎಚ್ಚರದ ಕೋಶಗಳನ್ನು ನಿಧಾನಗೊಳಿಸುತ್ತದೆ. ಹದಿನಾರು ತಾಸು ಎದ್ದಿದ್ದವರ ಕಣ್ಣು ಎಳೆಯುವುದು ಇದರಿಂದ. ಮಲಗಿದಾಗ ಅಡಿನೋಸಿನ್ ಇಳಿಯುತ್ತದೆ. ಕೆಫೀನ್ ಅಣುವಿನ ಆಕಾರ ಅಡಿನೋಸಿನ್‌ಗೆ ಹತ್ತಿರದ್ದು. ಅದು ಅದೇ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ, ಆದರೆ ನಿಧಾನಗೊಳಿಸುವ ಕೆಲಸ ಮಾಡುವುದಿಲ್ಲ. ಅಡಿನೋಸಿನ್ ಜಾಗ ಸಿಗದೆ ಹೊರಗುಳಿಯುತ್ತದೆ. ಗಾಡಿಯ ಇಂಧನದ ಮುಳ್ಳಿಗೆ ಕಾಗದ ಅಂಟಿಸಿದರೆ ಟ್ಯಾಂಕು ತುಂಬದು. ಚಹಾ ಕುಡಿದವರ ದಣಿವೂ ಹಾಗೆಯೇ ಒಳಗೆ ಉಳಿದಿರುತ್ತದೆ. ಕೆಫೀನ್ ಇಳಿದ ಹೊತ್ತಿಗೆ ಕೂಡಿಬಿದ್ದಿದ್ದ ಅಡಿನೋಸಿನ್ ಒಟ್ಟಿಗೆ ಅಂಟಿಕೊಳ್ಳುವುದರಿಂದ ನಸುಕಿನಲ್ಲಿ ನಿದ್ದೆ ಥಟ್ಟನೆ ಒತ್ತುತ್ತದೆ.

ಕೆಫೀನನ್ನು 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಕಾಫಿ ಬೀಜದಿಂದ ಬೇರ್ಪಡಿಸಿದ. ಒಂದು ದೊಡ್ಡ ಕಪ್ ಚಹಾದಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ, ಕಾಫಿಯಲ್ಲಿ 80ರಿಂದ 100 ಮಿಲಿಗ್ರಾಂ ಕೆಫೀನ್ ಇರುತ್ತದೆ. ಕುಡಿದ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ರಕ್ತದಲ್ಲಿ ಅದರ ಪ್ರಮಾಣ ತುದಿಗೇರುತ್ತದೆ. ಅರ್ಧದಷ್ಟು ಕರಗಲು ಆರೋಗ್ಯವಂತ ವಯಸ್ಕರಲ್ಲಿ ಸುಮಾರು 5 ತಾಸು ಬೇಕು. ರಾತ್ರಿ 10ಕ್ಕೆ 100 ಮಿಲಿಗ್ರಾಂ ಕುಡಿದವರ ದೇಹದಲ್ಲಿ 3 ಗಂಟೆಗೆ 50, ಬೆಳಗಿನ 8ಕ್ಕೆ 25 ಮಿಲಿಗ್ರಾಂ ಉಳಿದಿರುತ್ತದೆ. ಪಾಳಿ ಮುಗಿಸಿ ಮನೆಗೆ ಬಂದು ಹಾಸಿಗೆ ಹಿಡಿದರೂ ಗಾಢ ನಿದ್ದೆ ಹತ್ತದಿರುವುದಕ್ಕೆ ಒಂದು ಕಾರಣ ಇದು. ಗರ್ಭಿಣಿಯರಲ್ಲಿ ಕೆಫೀನ್ ಇನ್ನೂ ಬಹಳ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಅವರಿಗೆ ದಿನಕ್ಕೆ 200 ಮಿಲಿಗ್ರಾಂ, ಉಳಿದ ವಯಸ್ಕರಿಗೆ 400 ಮಿಲಿಗ್ರಾಂ ದಾಟದಂತೆ ಸಲಹೆ ಇದೆ.

ಬೀಡಿ, ಸಿಗರೇಟು ಸೇದುವವರಲ್ಲಿ ಇದಕ್ಕೆ ವಿರುದ್ಧ. ಹೊಗೆಯಲ್ಲಿರುವ ಡಾಂಬರಿನಂಥ ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಹಾಗಾಗಿ ಸೇದುವವರಿಗೆ ಚಹಾ ಸಾಲುವುದೇ ಇಲ್ಲ. ಬೀಡಿ ಬಿಟ್ಟ ಮೇಲೂ ಮೊದಲಿನಷ್ಟೇ ಚಹಾ ಕುಡಿದರೆ ಕೈನಡುಕ, ಎದೆಬಡಿತ ಕಾಣುತ್ತವೆ. ಬೀಡಿ ಬಿಟ್ಟದ್ದರಿಂದಲೇ ಹೀಗಾಯಿತು ಎಂದುಕೊಂಡು ಮತ್ತೆ ಸೇದುವವರೂ ಇದ್ದಾರೆ; ಅಂಥವರು ಇಳಿಸಬೇಕಾದದ್ದು ಚಹಾದ ಅಳತೆಯನ್ನು.

ಡಬ್ಬಿಯ ಪಾನೀಯಗಳಲ್ಲಿ ಕೆಲಸ ಮಾಡುವುದೂ ಮುಖ್ಯವಾಗಿ ಕೆಫೀನೇ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇವುಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ, ಅಂದರೆ ಎರಡು ಕಪ್ ಚಹಾದಷ್ಟು. ಉಳಿದದ್ದು ಸಕ್ಕರೆ ಮತ್ತು ಗ್ಯಾಸು. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಕೊಡಬಾರದೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ದಿನವೂ ಕೆಫೀನ್ ಬಿದ್ದರೆ ಮೆದುಳು ಅಡಿನೋಸಿನ್ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ. ಆಗ ಮೊದಲಿನ ಪರಿಣಾಮಕ್ಕೆ ಇನ್ನೊಂದು ಕಪ್ ಬೇಕಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ತಾಸಿನೊಳಗೆ ತಲೆನೋವು, ಮಂಕು, ಸಿಡಿಮಿಡಿ ಶುರುವಾಗುತ್ತವೆ. ಉಪವಾಸದ ದಿನ ಮಧ್ಯಾಹ್ನಕ್ಕೆ ತಲೆ ಹಿಡಿಯುವುದಕ್ಕೆ ಹಸಿವಿನ ಜೊತೆಗೆ ತಪ್ಪಿದ ಚಹಾವೂ ಕಾರಣ. ಇದು ಒಂದು ವಾರದೊಳಗೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ನಿಕೋಟಿನ್ ಹಿಡಿಯುವ ಜಾಗ ಅಸಿಟೈಲ್‌ಕೋಲಿನ್‌ನ ಒಂದು ಬಗೆಯ ಗ್ರಾಹಕ. ಕೆಫೀನ್‌ನಂತೆ ಅದು ಸುಮ್ಮನೆ ಜಾಗ ಅಡ್ಡಗಟ್ಟುವುದಿಲ್ಲ. ಗ್ರಾಹಕವನ್ನು ತಾನೇ ಚಾಲೂ ಮಾಡುತ್ತದೆ. ಅದರಿಂದ ಡೋಪಮಿನ್ ಸುರಿಯುತ್ತದೆ, ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಅಡ್ರಿನಲಿನ್ ಹೊರಡುತ್ತದೆ, ನಾಡಿ ಮತ್ತು ರಕ್ತದೊತ್ತಡ ಏರುತ್ತವೆ. ಹೊಗೆಯಲ್ಲಿ ಹೋದ ನಿಕೋಟಿನ್ 10ರಿಂದ 20 ಸೆಕೆಂಡಿನೊಳಗೆ ಮೆದುಳು ಮುಟ್ಟುತ್ತದೆ. ಬಾಯಲ್ಲಿಟ್ಟ ತಂಬಾಕಿನಿಂದ ಅದು ನಿಧಾನವಾಗಿ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ತಂಬಾಕಿನ ಎಸಳನ್ನು ಅಂಗೈಯಲ್ಲಿ ಹಾಕಿ, ಉಗುರಿನ ತುದಿಯಿಂದ ಸುಣ್ಣ ತೆಗೆದು ಸೇರಿಸಿ, ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ತಟ್ಟಿ ಧೂಳು ಹಾರಿಸಿ ಕೆಳತುಟಿಯೊಳಗೆ ಇಡುವ ರೂಢಿಯ ಹಿಂದೆ ನೇರ ರಸಾಯನಶಾಸ್ತ್ರವಿದೆ. ಎಲೆಯಲ್ಲಿ ನಿಕೋಟಿನ್ ಆಮ್ಲದೊಂದಿಗೆ ಲವಣವಾಗಿ ಕೂಡಿರುತ್ತದೆ; ಆ ರೂಪದಲ್ಲಿ ಅದು ಬಾಯಿಯ ಒಳಪೊರೆ ದಾಟುವುದು ಕಷ್ಟ. ಸುಣ್ಣದ ಕ್ಷಾರ ಅದನ್ನು ಲವಣದಿಂದ ಬಿಡಿಸುತ್ತದೆ. ಬಿಡಿಯಾದ ನಿಕೋಟಿನ್ ಪೊರೆಯ ಮೂಲಕ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಅದೇ ಸುಣ್ಣ ತುಟಿಯ ಒಳಗನ್ನು ದಿನದಿನವೂ ಸುಡುತ್ತದೆ. ಸುಟ್ಟ ಜಾಗದಲ್ಲೇ ತಂಬಾಕಿನ ಕ್ಯಾನ್ಸರ್‌ಕಾರಕಗಳು ಕೂತಿರುತ್ತವೆ.

ನಿಕೋಟಿನ್ ರಕ್ತದಲ್ಲಿ ಸುಮಾರು 2 ತಾಸಿಗೆ ಅರ್ಧವಾಗುತ್ತದೆ. ಗಳಿಗೆಗೊಮ್ಮೆ ಚಿಟಿಕೆ ಬೇಕೆನಿಸುವುದು ಅದಕ್ಕೆ. ರಾತ್ರಿಯ ನಿದ್ದೆಯಲ್ಲಿ ಅದು ಇಳಿದು, ಬೆಳಗ್ಗೆ ಮೊದಲ ಚಿಟಿಕೆಯೋ ಮೊದಲ ಬೀಡಿಯೋ ಅತಿ ಹಿತವೆನಿಸುತ್ತದೆ. ಆ ಹಿತದ ದೊಡ್ಡ ಪಾಲು ನಿಕೋಟಿನ್ ತಪ್ಪಿದ್ದರಿಂದ ಹುಟ್ಟಿದ ಚಡಪಡಿಕೆ ಅಡಗಿದ್ದು. ತಂಬಾಕು ಹಾಕದವರಿಗೆ ಆ ಚಡಪಡಿಕೆಯೇ ಇರುವುದಿಲ್ಲ.

ಅಡಿಕೆಯ ಅರೆಕೋಲಿನ್ ಕೂಡ ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲೆಯೇ ಎರಗುತ್ತದೆ. ಅಡಿಕೆ ಜಗಿದಾಗ ಮೈ ಬಿಸಿಯಾಗುವುದು, ಬೆವರು, ಜೊಲ್ಲು, ಸಣ್ಣ ಹುರುಪು ಅದರ ಗುರುತು. ಗುಟ್ಕಾದಲ್ಲಿ ಅಡಿಕೆ, ತಂಬಾಕು ಎರಡೂ ಇರುವುದರಿಂದ ಎರಡು ಉತ್ತೇಜಕಗಳು ಒಟ್ಟಿಗೆ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬಾಯಿ ಬಿಗಿದು ರೊಟ್ಟಿಯ ತುತ್ತು ಒಳಗೆ ಹೋಗದಂತಾಗುವ ರೋಗಕ್ಕೆ ಮುಖ್ಯ ಕಾರಣ ಅಡಿಕೆಯೇ.

ಬಲವಾದ ಉತ್ತೇಜಕಗಳು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ನ ಸಂಚಾರಕ್ಕೇ ಕೈಹಾಕುತ್ತವೆ. ಕೊಕೇನ್ ಮರುಹೀರಿಕೆಯನ್ನು ತಡೆಯುತ್ತದೆ; ಹೊರಬಿದ್ದ ಡೋಪಮಿನ್ ಸಂದಿನಲ್ಲೇ ಉಳಿದು ಆಚೆ ಕೋಶವನ್ನು ಮತ್ತೆ ಮತ್ತೆ ಮಿಡಿಸುತ್ತದೆ. ಆಂಫೆಟಮಿನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮರುಹೀರಿಕೆಯ ಮಾರ್ಗದಿಂದಲೇ ನರಕೋಶದೊಳಗೆ ನುಗ್ಗಿ, ಚೀಲಗಳಲ್ಲಿ ಕೂಡಿಟ್ಟ ಡೋಪಮಿನನ್ನು ಹೊರಚೆಲ್ಲಿಸಿ, ಮರುಹೀರಿಕೆಯ ದಿಕ್ಕನ್ನೇ ತಿರುಗಿಸುತ್ತದೆ. ವಿದ್ಯುತ್ ಮಿಡಿತ ಇಲ್ಲದಿದ್ದರೂ ನರವಾಹಕ ಸುರಿಯತೊಡಗುತ್ತದೆ. ಆಂಫೆಟಮಿನನ್ನು 1887ರಲ್ಲಿ ಬರ್ಲಿನ್ನಿನಲ್ಲಿ ಲಾಜರ್ ಎದೆಲೆಯಾನು ತಯಾರಿಸಿದ. ಮೆಥಾಂಫೆಟಮಿನನ್ನು 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಎಫೆಡ್ರಿನ್‌ನಿಂದ ತಯಾರಿಸಿದ. 1938ರಿಂದ ಜರ್ಮನಿಯಲ್ಲಿ ಅದು ‘ಪರ್ವಿಟಿನ್’ ಎಂಬ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಎರಡನೆಯ ಮಹಾಯುದ್ಧದಲ್ಲಿ ನಿದ್ದೆಯಿಲ್ಲದೆ ಮುನ್ನುಗ್ಗಲು ಸೈನಿಕರಿಗೆ ಅದನ್ನು ಹಂಚಿದರು. ಕೆಲವು ದಿನಗಳ ಎಚ್ಚರದ ಬೆನ್ನಿಗೆ ಕುಸಿತ, ಭ್ರಮೆ, ಚಟ ಬಂದದ್ದರಿಂದ ಅಲ್ಲಿನ ಸರ್ಕಾರ 1941ರಲ್ಲಿ ಅದರ ಮೇಲೆ ನಿರ್ಬಂಧ ಹೇರಬೇಕಾಯಿತು. ಮೆಫೆಡ್ರೋನ್ ಇದೇ ಕುಟುಂಬಕ್ಕೆ ಹತ್ತಿರದ ವಸ್ತು. ಭಾರತ 2015ರಲ್ಲಿ ಅದನ್ನು 1985ರ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಗೆ ತಂದಿತು.

ಇದೇ ಗುಂಪಿನಿಂದ ಔಷಧಿಗಳೂ ಬಂದಿವೆ. ಮಿಥೈಲ್‌ಫೆನಿಡೇಟ್ ಡೋಪಮಿನ್, ನಾರ್‌ಅಡ್ರಿನಲಿನ್ ಎರಡರ ಮರುಹೀರಿಕೆಯನ್ನೂ ತಡೆಯುತ್ತದೆ. ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಇರುವ ಮಕ್ಕಳಿಗೆ ವೈದ್ಯರು ಅದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಉತ್ತೇಜಕ ಕೊಟ್ಟರೆ ಮಗು ಶಾಂತವಾಗುವುದು ವಿಚಿತ್ರವೆನಿಸಬಹುದು. ಮೆದುಳಿನ ಮುಂಭಾಗ ಆಸೆ, ಆತುರಗಳಿಗೆ ಕಡಿವಾಣ ಹಾಕುವ ಭಾಗ. ಅಲ್ಲಿ ಈ ವಾಹಕಗಳು ಹದವಾಗಿ ಹೆಚ್ಚಿದಾಗ ಕಡಿವಾಣ ಬಿಗಿಯಾಗುತ್ತದೆ. ಆ ತೊಂದರೆ ಇಲ್ಲದ ವಿದ್ಯಾರ್ಥಿ ಪರೀಕ್ಷೆಗೆಂದು ಅದನ್ನು ನುಂಗಿದರೆ ಎಚ್ಚರವಾಗಿ ಇರಬಹುದು; ಓದಿದ್ದು ಗಟ್ಟಿಯಾಗುವುದು ಮಾತ್ರ ನಿದ್ದೆಯಲ್ಲಿ. ಹಗಲಿನಲ್ಲೇ ತಡೆಯಲಾಗದೆ ನಿದ್ದೆಗೆ ಜಾರುವ ನಾರ್ಕೊಲೆಪ್ಸಿ ರೋಗಕ್ಕೆ ಮೊಡಾಫಿನಿಲ್ ಕೊಡುತ್ತಾರೆ. ದಿನ ತುಂಬದೆ ಹುಟ್ಟಿದ ಕೂಸು ಉಸಿರಾಡುವುದನ್ನೇ ಮರೆತಂತೆ ನಡುನಡುವೆ ನಿಲ್ಲಿಸುವುದುಂಟು. ಅಂಥ ಶಿಶುವಿಗೆ ತೂಕದ ಕಿಲೋಗೆ 20 ಮಿಲಿಗ್ರಾಂ ಕೆಫೀನ್ ಸಿಟ್ರೇಟ್ ಮೊದಲ ಪ್ರಮಾಣವಾಗಿ ಹೋಗುತ್ತದೆ. ಅಡಿನೋಸಿನ್ ಹಿಂದೆ ಸರಿದಾಗ ಮೆದುಳುಕಾಂಡದ ಉಸಿರಾಟ ಕೇಂದ್ರ ಮತ್ತೆ ಲಯಕ್ಕೆ ಬರುತ್ತದೆ. ಚಹಾ ಅಂಗಡಿಯ ವಸ್ತುವೇ ಇಲ್ಲಿ ಪ್ರಾಣ ಉಳಿಸುವ ಔಷಧಿ. ಅಳತೆ, ರೋಗ ಮತ್ತು ನಿಗಾ ಸೇರಿ ಅದನ್ನು ಔಷಧಿಯಾಗಿಸುತ್ತವೆ.

ಮತ್ತೊಂದು ಬಗೆಯ ಉತ್ತೇಜಕಗಳು ತಣಿಸುವ ವಾಹಕಗಳನ್ನು ತಡೆಯುತ್ತವೆ. ದಖನ್ನಿನ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ಗ್ಲೈಸಿನ್‌ಗೆ ಅಡ್ಡಬರುತ್ತದೆ. ಆಗ ಸ್ನಾಯುಗಳನ್ನು ಹಿಡಿತದಲ್ಲಿಡುವ ಸಂಕೇತ ನಿಂತು, ಒಂದು ಸಣ್ಣ ಸದ್ದಿಗೂ ಮೈಯೆಲ್ಲ ಬಿಲ್ಲಿನಂತೆ ಸೆಟೆಯುತ್ತದೆ. 1818ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಂತು ಅದನ್ನು ಬೇರ್ಪಡಿಸಿದರು. ಒಂದು ಕಾಲದಲ್ಲಿ ಬಲವರ್ಧಕ ಟಾನಿಕ್ಕುಗಳಲ್ಲಿ ಸೇರಿಸುತ್ತಿದ್ದ ಈ ವಸ್ತು ಈಗ ಆಧುನಿಕ ವೈದ್ಯದಲ್ಲಿ ವಿಷ ಮಾತ್ರ. ‘ನರಕ್ಕೆ ಬಲ’ ಎಂದು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ನಂಬಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಉತ್ತೇಜಕದ ಕೆಲಸ ಮೆದುಳಿಗಷ್ಟೇ ಸೀಮಿತವಲ್ಲ. ಹೃದಯ ಬೇಗ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಹಸಿವು ಅಡಗುತ್ತದೆ, ಮೈಶಾಖ ಏರುತ್ತದೆ. ಆಂಫೆಟಮಿನ್ ಬಗೆಯ ಮಾದಕ ತೆಗೆದುಕೊಂಡವರು ಈ ಸೀಮೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ದುಡಿದರೆ ಶಾಖ ಹೊರಹೋಗದೆ ಪ್ರಾಣಕ್ಕೇ ಕುತ್ತು. ಹೃದಯಾಘಾತ, ಲಕ್ವ, ಫಿಟ್ಸ್, ಯಾರೋ ಬೆನ್ನುಹತ್ತಿದ್ದಾರೆ ಎಂಬ ಭ್ರಮೆ ಇವುಗಳ ತೀವ್ರ ಪರಿಣಾಮಗಳು. ಅಮಲು ಇಳಿದ ಮೇಲೆ ಡೋಪಮಿನ್ ಸಂಗ್ರಹ ಬರಿದಾಗಿ, ಗ್ರಾಹಕಗಳು ಕಡಿಮೆಯಾಗಿ, ಮಂಪರು ಮತ್ತು ಬೇಸರ ದಿನಗಟ್ಟಲೆ ಹಿಡಿಯುತ್ತವೆ. ವಸ್ತು ಎಷ್ಟು ವೇಗವಾಗಿ ಮೆದುಳು ಮುಟ್ಟುತ್ತದೋ ಚಟ ಅಷ್ಟು ಬೇಗ ಅಂಟುತ್ತದೆ: ನುಂಗಿದ್ದಕ್ಕಿಂತ ಮೂಗಿಗೆಳೆದದ್ದು, ಅದಕ್ಕಿಂತ ಸೇದಿದ್ದು ಅಥವಾ ಚುಚ್ಚಿಕೊಂಡದ್ದು ಹೆಚ್ಚು ಅಪಾಯ.

ತೆಲಂಗಾಣದ ಕಲಬೆರಕೆ ಸೇಂದಿ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಅದರಲ್ಲಿ ಬೆರೆಸುವ ಆಲ್‌ಪ್ರಜೋಲಂ, ಡಯಾಜೆಪಾಂ ಗಾಬಾದ ಬಲ ಹೆಚ್ಚಿಸಿ ಮೆದುಳನ್ನು ತಗ್ಗಿಸುತ್ತವೆ. ದಿನವೂ ಕುಡಿದವರಿಗೆ ಅದು ಒಮ್ಮೆಲೇ ತಪ್ಪಿದರೆ ಮೆದುಳು ಹತೋಟಿ ಮೀರಿ ಕೆರಳಿ ಫಿಟ್ಸ್ ಬರಬಹುದು. 2020ರ ಲಾಕ್‌ಡೌನ್‌ನಲ್ಲಿ ಮದ್ಯ, ಸೇಂದಿ ಸಿಗದೆ ನರಳಿದವರು ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಗೆ ದೊಡ್ಡ ಸಂಖ್ಯೆಯಲ್ಲಿ ಬಂದರು. ಸಂಜೆ ಸೇಂದಿ ಕುಡಿದು, ರಾತ್ರಿ ಚಹಾ, ತಂಬಾಕಿನಿಂದ ಅದನ್ನು ಸರಿದೂಗಿಸುವ ಲೆಕ್ಕ ತಪ್ಪು. ಕಣ್ಣು ತೆರೆದಿರುತ್ತದೆ, ಬ್ರೇಕಿನ ಮೇಲೆ ಕಾಲು ಇಡುವ ಹೊತ್ತು ಮಾತ್ರ ತಡವಾಗಿಯೇ ಇರುತ್ತದೆ.

ನಿದ್ದೆಗೆ ಬದಲಿ ಯಾವ ಉತ್ತೇಜಕದಲ್ಲೂ ಇಲ್ಲ. ಸತತ 17 ತಾಸು ಎದ್ದಿರುವವರ ಕಣ್ಣು–ಕೈಗಳ ಹೊಂದಾಣಿಕೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕುಸಿದಿರುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಭಾರತದಲ್ಲಿ ವಾಹನ ಚಾಲನೆಗೆ ಕಾನೂನಿನ ಮಿತಿ 30 ಮಿಲಿಗ್ರಾಂ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು ಕೆಲಸ, 5 ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿರಾಮ ಎಂದು ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ರಾತ್ರಿ 2ರಿಂದ 5ರವರೆಗೆ ದೇಹದ ಗಡಿಯಾರವೇ ನಿದ್ದೆಯ ಕಡೆ ಎಳೆಯುತ್ತದೆ. ಕಣ್ಣು ಎಳೆದಾಗ ಗಾಡಿಯನ್ನು ರಸ್ತೆಯಿಂದ ಇಳಿಸಿ ನಿಲ್ಲಿಸಿ, ಒಂದು ಚಹಾ ಕುಡಿದು, ಕೂಡಲೇ 15–20 ನಿಮಿಷ ಮಲಗುವುದು ಸರಿಯಾದ ವಿಧಾನ. ಕೆಫೀನ್ ಏರಲು ಅರ್ಧ ತಾಸು ಬೇಕು. ಅಷ್ಟರೊಳಗೆ ಕಿರುನಿದ್ದೆ ಅಡಿನೋಸಿನನ್ನು ಒಂದಿಷ್ಟು ಇಳಿಸಿರುತ್ತದೆ. ಎರಡೂ ಸೇರಿದಾಗಲೂ ದೊರೆಯುವುದು ಒಂದೆರಡು ತಾಸಿನ ಎಚ್ಚರ.

ಚಟವಾಗಿದ್ದರೆ ಬಿಡುವ ದಾರಿ ವಸ್ತುವಿನಂತೆ ಬೇರೆ. ಕೆಫೀನನ್ನು ವಾರಕ್ಕೊಂದು ಕಪ್ಪಿನಂತೆ ಇಳಿಸಿದರೆ ಸಾಕು. ತಂಬಾಕಿಗೆ ನಿಕೋಟಿನ್ ಗಮ್, ಮಾತ್ರೆ, ಸಲಹೆ ಇವೆ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356. ಕೊಕೇನ್, ಮೆಥಾಂಫೆಟಮಿನ್, ಮೆಫೆಡ್ರೋನ್ ಚಟ ಬಿಡಿಸಲೆಂದೇ ಸಾಬೀತಾದ ಮಾತ್ರೆ ಇನ್ನೂ ಬಂದಿಲ್ಲ. ಆಪ್ತಸಲಹೆ, ಮನೆಯವರ ಬೆಂಬಲ, ನಿಯಮಿತ ತಪಾಸಣೆಯೇ ಅಲ್ಲಿ ಚಿಕಿತ್ಸೆ. ಇದಕ್ಕೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ 1985ರ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಎದೆನೋವು, ಸುಡುವ ಮೈ, ಫಿಟ್ಸ್, ಗಾಬರಿಯ ಭ್ರಮೆ ಕಂಡರೆ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಬೇಕು. ತೆಗೆದುಕೊಂಡ ವಸ್ತು ಯಾವುದೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಚಿಕಿತ್ಸೆ ನಿಂತಿರುವುದೇ ಅದರ ಮೇಲೆ.